ಮಟೊಬೊ ಬಂಡೆಗಳ ನಡುವೆ ಮೂರು ರಾತ್ರಿ

ಆಫ್ರಿಕವೆಂದೊಡನೆ ನಮ್ಮ ಜನರ ಕಣ್ಣ ಮುಂದೆ ಬರುವುದು ಎರಡೇ ಚಿತ್ರ. ಒಂದು, ಕೊನೆಯಿಲ್ಲದ ಹುಲ್ಲುಗಾವಲು. ಇನ್ನೊಂದು, ಬೆಳಕು ಹೊಗದ ಕಾಡು. ಪಠ್ಯಪುಸ್ತಕಗಳೂ ಹೆಚ್ಚಾಗಿ ಈ ಎರಡನ್ನೇ ಕೊಡುತ್ತವೆ. ಆದರೆ ಆ ಖಂಡದಲ್ಲಿ ನಮ್ಮ ರಾಯದುರ್ಗದ ಸೀಮೆಯ ಹಾಗೆಯೇ ಅಡಿಗಡಿಗೆ ಬಂಡೆ ತಲೆಯೆತ್ತಿ ನಿಂತಿರುವ, ಗುಂಡಿನ ಮೇಲೆ ಗುಂಡು ಕುಳಿತಿರುವ ನಾಡುಗಳೂ ಉಂಟು. ಜಿಂಬಾಬ್ವೆ ದೇಶದ ನೈಋತ್ಯ ಭಾಗದಲ್ಲಿ, ಬುಲವಾಯೊ ನಗರದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರು ಹೋದರೆ ಸಿಕ್ಕುವ ಮಟೊಬೊ ಬೆಟ್ಟಗಳು ಅಂಥವು. 2023ರ ಬೇಸಿಗೆಯ ರಜೆಯಲ್ಲಿ ನಾವು ಅಲ್ಲಿ ಮೂರು ರಾತ್ರಿ ತಂಗಿದ್ದೆವು. ನಮಗೆ ಬೇಸಿಗೆ, ಅವರಿಗೆ ಆಗ ಚಳಿಗಾಲದ ಬಾಗಿಲು.

ನಮ್ಮ ಮಗಳೂ ಅಳಿಯಂದಿರೂ ಬುಲವಾಯೊದಲ್ಲಿ ನೆಲೆಸಿ ಆರು ವರ್ಷಗಳಾಗಿದ್ದವು. ಅಳಿಯಂದಿರು ಗಣಿಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರು. ನಮಗೆ ಸಿಂಹವನ್ನೂ ಆನೆಗಳ ಹಿಂಡನ್ನೂ ತೋರಿಸಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಎಂಟು ವರ್ಷದ ಮೊಮ್ಮಗಳು ಮಾತ್ರ, ಅಜ್ಜ ಅಜ್ಜಿಗೆ ಅವರ ಊರಿನ ಹಾಗೆ ಕಲ್ಲು ಇರುವ ಕಡೆಯೇ ಸರಿ ಎಂದು ಇಂಗ್ಲಿಷಿನಲ್ಲಿ ತೀರ್ಪು ಕೊಟ್ಟುಬಿಟ್ಟಳು. ಸಿಂಹ ನೋಡಬೇಕೆಂಬ ಹಂಬಲವುಳ್ಳವರಿಗೆ ಮಟೊಬೊ ತಕ್ಕ ಸ್ಥಳವಲ್ಲ. ನಮಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ನಾವಿದ್ದ ವಸತಿಗೃಹವನ್ನು ಅಲ್ಲಿ 'ಸಫಾರಿ ಲಾಡ್ಜ್' ಎನ್ನುತ್ತಾರೆ. ಅದನ್ನು ಕಟ್ಟಿದವರು ಒಂದು ಗುಂಡನ್ನೂ ಸಿಡಿಸಿರಲಿಲ್ಲ. ಬಂಡೆಗಳು ಎಲ್ಲಿ ಜಾಗ ಬಿಟ್ಟಿದ್ದವೋ ಅಲ್ಲಿ ಕೋಣೆ. ಎಲ್ಲಿ ಬಿಟ್ಟಿರಲಿಲ್ಲವೋ ಅಲ್ಲಿ ಬಂಡೆಯೇ ಗೋಡೆ. ಮೇಲೆ ಹುಲ್ಲಿನ ದಪ್ಪನೆಯ ಹೊದಿಕೆ. ನಮ್ಮ ಕೋಣೆಯ ಹಿಂಗೋಡೆ ಎರಡಾಳೆತ್ತರದ ಒಂದು ಗುಂಡು. ಸ್ನಾನದ ಮನೆಯಲ್ಲಂತೂ ಅದೇ ಗುಂಡು ಮೂಲೆಯಿಂದ ಹೊಟ್ಟೆ ಮುಂದೆ ಚಾಚಿ, ನಾವು ಪಕ್ಕಕ್ಕೆ ಸರಿದು ನೀರು ಹಾಕಿಕೊಳ್ಳುವಂತೆ ಮಾಡಿತ್ತು. ಪರದೇಶದ ಅತಿಥಿಗಳು ಇದನ್ನು ದೊಡ್ಡ ಸೋಜಿಗವೆಂದು ಚಿತ್ರ ತೆಗೆದುಕೊಳ್ಳುತ್ತಿದ್ದರು. ನಮ್ಮ ಮನೆಯವರಿಗೆ ಅದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಅವರ ತವರುಮನೆಯ ಅಡಿಗೆಕೋಣೆಯೂ ಗುಂಡಿಗೆ ಗೋಡೆ ಕೂಡಿಸಿ ಕಟ್ಟಿದ್ದೇ. ಬೇಸಿಗೆಯಲ್ಲಿ ಮಜ್ಜಿಗೆಯ ಗಡಿಗೆಯನ್ನು ಆ ಕಲ್ಲಿಗೊರಗಿಸಿ ಇಡುತ್ತಿದ್ದರು. "ನಮ್ಮಪ್ಪನ ಮನೆಗೆ ಇವರು ಬಾಡಿಗೆ ಇಟ್ಟಿದ್ದಾರೆ" ಎಂದರು. ಬಾಡಿಗೆ ಎಷ್ಟೆಂದು ಅಳಿಯಂದಿರು ಕೊನೆಯವರೆಗೂ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ನಾವು ನಿದ್ರೆ ಮಾಡುತ್ತಿದ್ದೆವೋ ಇಲ್ಲವೋ.

ಹಗಲೆಲ್ಲ ಬಿಸಿಲು ಕುಡಿದ ಬಂಡೆ ರಾತ್ರಿ ಬಹಳ ಹೊತ್ತಿನವರೆಗೆ ಬೆಚ್ಚಗಿರುತ್ತಿತ್ತು. ಹೊರಗೆ ಹಲ್ಲು ಕಡಿಸುವ ಚಳಿ. ಮೊದಲ ರಾತ್ರಿ ನಾವು ಬೆನ್ನನ್ನು ಆ ಬಂಡೆಗೆ ಕೊಟ್ಟು ಜಗಲಿಯ ಮೇಲೆ ಕುಳಿತು ಆಕಾಶ ನೋಡಿದೆವು. ನಮ್ಮ ಸೀಮೆಯಲ್ಲಿ ವೈಶಾಖದ ರಾತ್ರಿ ದಕ್ಷಿಣದ ಅಂಚಿನಲ್ಲಿ ತಗ್ಗಿ ಕಾಣುವ ತ್ರಿಶಂಕು ನಕ್ಷತ್ರ ಅಲ್ಲಿ ನೆತ್ತಿಯ ಕಡೆಗೆ ಏರಿ ನಿಂತಿತ್ತು. ಸಪ್ತರ್ಷಿಗಳು ಉತ್ತರದ ಬೆಟ್ಟಸಾಲಿನ ಮೇಲೆ ಬೋರಲಾಗಿ, ಅರ್ಧ ಮರೆಯಾಗಿ ಕಂಡರು. ಅರುಂಧತಿಯನ್ನು ಬೆಟ್ಟ ನುಂಗಿತ್ತು. ಧ್ರುವನಂತೂ ಅಲ್ಲಿಯ ಆಕಾಶಕ್ಕೆ ಬರುವುದೇ ಇಲ್ಲ; ಭೂಮಧ್ಯರೇಖೆಯ ಕೆಳಗೆ ಹುಟ್ಟಿ ಬೆಳೆದ ಮಗುವಿಗೆ ಧ್ರುವನ ಕಥೆಯನ್ನು ಹೇಳಬಹುದು, ಧ್ರುವನನ್ನು ತೋರಿಸಲಾಗದು. ಮೊಮ್ಮಗಳಿಗೆ ಕಥೆ ಹೇಳಿದೆವು. ಅವಳು ಎಲ್ಲವನ್ನೂ ಕನ್ನಡದಲ್ಲಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಪ್ರಶ್ನೆ ಹಾಕಿದಳು. ಮನೆಯಲ್ಲಿ ಹೀಗೇ ನಡೆಯುತ್ತದೆ ಎಂದು ಮಗಳು ಮೆಲ್ಲಗೆ ಹೇಳಿದಳು.

ಈ ಬಂಡೆಗಳ ವಿಚಾರ ಸ್ವಲ್ಪ ಹೇಳಬೇಕು. ಮಟೊಬೊದ ಕಣಶಿಲೆ ಸುಮಾರು 260 ಕೋಟಿ ವರ್ಷ ಹಳೆಯದು. ನಮ್ಮ ಬಳ್ಳಾರಿ ರಾಯದುರ್ಗ ಸೀಮೆಯ ಗುಂಡುಗಳ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ, ಸುಮಾರು 250 ಕೋಟಿ. ಎರಡೂ ನೆಲಗಳು ಒಂದು ಕಾಲಕ್ಕೆ ಗೊಂಡ್ವಾನವೆಂಬ ಒಂದೇ ಮಹಾಖಂಡದಲ್ಲಿ ಇದ್ದವು. ಆ ಹೆಸರು ಬಂದದ್ದು ನಮ್ಮ ದೇಶದ ಗೊಂಡರ ನಾಡಿನಿಂದ. ಕರಗಿದ ಶಿಲೆ ನೆಲದಾಳದಲ್ಲಿ ತಣಿದು ಗಟ್ಟಿಯಾಯಿತು. ಮೇಲಿನ ಭಾರ ಸವೆದು ಹೋದಂತೆ ಅದು ಹಿಗ್ಗಿ, ಈರುಳ್ಳಿಯ ಪದರಗಳ ಹಾಗೆ ಸುಲಿಯುತ್ತ ಬಂತು. ಸೀಳುಗಳಲ್ಲಿ ಇಳಿದ ಮಳೆನೀರು ಮೂಲೆಗಳನ್ನು ಕರಗಿಸಿ ಚೌಕದ ಕಲ್ಲನ್ನು ಗುಂಡಾಗಿಸಿತು. ಎಲ್ಲಿ ಪದರ ಸುಲಿಯಿತೋ ಅಲ್ಲಿ ಬೋಳುಗುಡ್ಡ. ಎಲ್ಲಿ ಸೀಳು ಹೆಚ್ಚೋ ಅಲ್ಲಿ ಗುಂಡಿನ ಮೇಲೆ ಗುಂಡು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಾಡನ್ನು ಗೆದ್ದ ಎಂದೆಬೆಲೆ ದೊರೆ ಮ್ಜಿಲಿಕಾಜಿ ಇವುಗಳನ್ನು ನೋಡಿ 'ಬೋಳುತಲೆಗಳು' ಎಂದು ಪರಿಹಾಸ್ಯ ಮಾಡಿದನಂತೆ; ಮಟೊಬೊ ಎಂಬ ಹೆಸರು ಹಾಗೆ ಬಂತೆಂದು ಹೇಳುತ್ತಾರೆ. ಮಾರ್ಗದರ್ಶಿ ಇದನ್ನು ಹೇಳುವಾಗ ನಮ್ಮ ತಲೆಯ ಕಡೆಗೆ ನೋಡದಿರಲು ಶ್ರಮಪಟ್ಟರು. 1868ರಲ್ಲಿ ತೀರಿಕೊಂಡ ಆ ದೊರೆಯನ್ನು ಇದೇ ಬೆಟ್ಟಗಳ ಗವಿಯೊಂದರಲ್ಲಿ ಸಮಾಧಿ ಮಾಡಿದರು.

ಬಂಡೆಯ ಮೇಲೆ ಬಿದ್ದ ಮಳೆಯೆಲ್ಲ ಜಾರಿ ಬುಡಕ್ಕೆ ಬರುವುದರಿಂದ ಬುಡದಲ್ಲಿ ಮರಗಳು ಸೊಂಪಾಗಿರುತ್ತವೆ. ಮರವಿದ್ದಲ್ಲಿ ಜೀವಜಂತು. ಬೆಳಗಾಗುತ್ತಲೇ ನಮ್ಮ ಜಗಲಿಯೆದುರಿನ ಬಂಡೆಯ ಮೇಲೆ ಮೊಲದಷ್ಟು ದಪ್ಪದ, ಬಾಲವಿಲ್ಲದ, ಮಣ್ಣುಬಣ್ಣದ ಪ್ರಾಣಿಗಳು ಸಾಲಾಗಿ ಬಿಸಿಲು ಕಾಯಿಸುತ್ತ ಕುಳಿತಿರುತ್ತಿದ್ದವು, ಪಂಚಾಯಿತಿ ಕಟ್ಟೆಯ ಮೇಲಿನ ಹಿರಿಯರ ಹಾಗೆ. ಇಂಗ್ಲಿಷಿನಲ್ಲಿ ಹೈರಾಕ್ಸ್, ಎಂದೆಬೆಲೆ ನುಡಿಯಲ್ಲಿ ಇಂಬಿಲ. ನೋಡಲು ಹೆಗ್ಗಣದ ಬಂಧುವಿನಂತಿರುವ ಈ ಪ್ರಾಣಿಗೆ ನಿಜವಾದ ಹತ್ತಿರದ ನಂಟ ಆನೆ ಎಂದು ಜೀವವಿಜ್ಞಾನಿಗಳು ಹೇಳುತ್ತಾರೆ. ಇವುಗಳನ್ನೇ ನಂಬಿ ಬದುಕುವುದು ಅಲ್ಲಿಯ ಕರಿಹದ್ದು. ಮಟೊಬೊದಲ್ಲಿರುವಷ್ಟು ದಟ್ಟವಾಗಿ ಆ ಹದ್ದು ಬೇರೆಡೆ ಗೂಡು ಕಟ್ಟುವುದು ಅಪರೂಪ. 1960ರ ದಶಕದಿಂದ ಅಲ್ಲಿಯ ಪಕ್ಷಿಪ್ರಿಯರು ಗೂಡುಗಳ ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಹದ್ದು ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಮೊದಲು ಒಡೆದು ಬಂದ ಮರಿ ತಮ್ಮನನ್ನು ಕುಕ್ಕಿ ಕೊಲ್ಲುತ್ತದೆ. ತಾಯಿ ನೋಡುತ್ತ ಕುಳಿತಿರುತ್ತದೆ. ಇದನ್ನು ಕೇಳಿ ನಮ್ಮ ಮನೆಯವರು ಹದ್ದಿನ ಮೇಲಿನ ಗೌರವವನ್ನು ಅಲ್ಲಿಗೇ ಹಿಂತೆಗೆದುಕೊಂಡರು.

ಎರಡನೆಯ ದಿನ ರಾಷ್ಟ್ರೀಯ ಉದ್ಯಾನವನ್ನು ಹೊಕ್ಕೆವು. 1926ರಲ್ಲಿ ಸ್ಥಾಪನೆಯಾದ ಈ ಉದ್ಯಾನ ಸುಮಾರು 424 ಚದರ ಕಿಲೋಮೀಟರು. ಬೆಟ್ಟಸೀಮೆಯನ್ನು ಯುನೆಸ್ಕೊ 2003ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಂದೂಕು ಹಿಡಿದ ಕಾವಲುಗಾರನ ಹಿಂದೆ ಉಸಿರು ಬಿಗಿಹಿಡಿದು ನಡೆದು, ಎರಡು ಖಡ್ಗಮೃಗಗಳನ್ನು ಮೂವತ್ತು ಹೆಜ್ಜೆ ದೂರದಿಂದ ನೋಡಿದೆವು. ಅಗಲ ಮೂತಿಯ ಬಿಳಿ ಖಡ್ಗಮೃಗಗಳು. ಗಂಡು ಎರಡು ಸಾವಿರ ಕಿಲೋಗ್ರಾಂಗೂ ಹೆಚ್ಚು ತೂಗುತ್ತದೆ. ಹಸುವಿನಂತೆ ಸಮಾಧಾನದಿಂದ ಹುಲ್ಲು ಮೇಯುತ್ತಿದ್ದವು. ಮುಖದಲ್ಲಿ ಮಾತ್ರ ಏನೋ ಕಡಿಮೆಯಾದಂತಿತ್ತು. ಖಡ್ಗಗಳೇ ಇರಲಿಲ್ಲ! ಕಳ್ಳಬೇಟೆಗಾರರು ಕೊಂಬಿನಾಸೆಗೆ ಕೊಲ್ಲದಿರಲೆಂದು ಉದ್ಯಾನದವರೇ ಮಂಪರು ಮದ್ದು ಕೊಟ್ಟು ಕೊಂಬನ್ನು ಗರಗಸದಿಂದ ಕೊಯ್ದುಬಿಡುತ್ತಾರೆ. ನಮ್ಮ ಉಗುರಿನ ಪದಾರ್ಥವೇ ಆದುದರಿಂದ ಮತ್ತೆ ಬೆಳೆಯುತ್ತದೆ, ಮತ್ತೆ ಕೊಯ್ಯುತ್ತಾರೆ. ಖಡ್ಗವಿಲ್ಲದ ಆ ಮೃಗಕ್ಕೆ ಕನ್ನಡದಲ್ಲಿ ಏನೆಂದು ಕರೆಯಬೇಕೋ ಯೋಚಿಸುತ್ತ ಹಿಂದಿರುಗಿದೆವು.

ನ್ಸ್ವಟುಗಿ ಎಂಬ ಗವಿಯ ಗೋಡೆಯ ಮೇಲೆ ಬೇಟೆಗಾರ ಸಾನ್ ಜನರು ಕಾವಿಯಿಂದ ಬರೆದ ಜಿರಾಫೆಗಳಿವೆ. ಸಾವಿರಾರು ವರ್ಷ ಹಿಂದಿನ ಆ ಜಿರಾಫೆಗಳ ಕತ್ತಿನ ಬಳುಕು ಈಗಲೂ ನಡೆಯುವಂತಿದೆ. ಇನ್ನೊಂದು ಗವಿ ಪೊಮೊಂಗ್ವೆ. 1920ರ ದಶಕದಲ್ಲಿ ಯಾರೋ ಅಲ್ಲಿಯ ಚಿತ್ರಗಳನ್ನು ಕಾಪಾಡಬೇಕೆಂಬ ಸದುದ್ದೇಶದಿಂದಲೇ ಎಣ್ಣೆಯಂಥ ದ್ರವ್ಯ ಬಳಿದರು. ಚಿತ್ರಗಳು ಕಂದು ಕಲೆಯಾಗಿ ಹೋದವು. ಸಾವಿರಾರು ವರ್ಷ ಮಳೆಗಾಳಿಯನ್ನು ತಡೆದುಕೊಂಡವು, ಒಂದು ದಿನದ ಕಾಳಜಿಯನ್ನು ತಡೆದುಕೊಳ್ಳಲಿಲ್ಲ. ಬರೆದವರ ನುಡಿ ಯಾವುದೆಂದು ಈ ಬೆಟ್ಟಗಳಲ್ಲಿ ಈಗ ಹೇಳುವವರಿಲ್ಲ.

ಮಲಿಂದಿಜಿಮು ಎಂಬ ಬೋಳುಗುಡ್ಡದ ನೆತ್ತಿಯಲ್ಲಿ ಸೆಸಿಲ್ ರೋಡ್ಸನ ಗೋರಿಯಿದೆ. 1896ರಲ್ಲಿ ಎಂದೆಬೆಲೆಯವರು ದಂಗೆಯೆದ್ದು ಈ ಗವಿಗಳಲ್ಲಿ ಅಡಗಿ ಕಾದಿದಾಗ ಅವರೊಡನೆ ಮಾತುಕತೆಗೆ ಬೆಟ್ಟದೊಳಕ್ಕೆ ಬಂದವನು. ಈ ದೇಶಕ್ಕೆ 1980ರವರೆಗೆ ತನ್ನ ಹೆಸರನ್ನೇ ಅಂಟಿಸಿದವನು. 1902ರ ಏಪ್ರಿಲ್ 10ರಂದು ಇಲ್ಲಿ ಬಂಡೆ ಕೊರೆದು ಹೂಳಿದರು. ಆ ಹೆಸರಿಗೆ ಆತ್ಮಗಳ ನೆಲೆ ಎಂದರ್ಥ. ಇನ್ನೊಬ್ಬರ ಹಿರಿಯರ ನೆಲೆಯಲ್ಲಿ ಮಲಗಲು ಅವನಿಗೆ ಸಂಕೋಚವಾಗಲಿಲ್ಲವೇ ಎಂಬ ಪ್ರಶ್ನೆ ಅಲ್ಲಿ ನಿಂತವರಿಗೆ ಏಳದೆ ಇರದು. ನಾವು ಹೋದಾಗ ನೀಲಿ, ಹಸಿರು, ಕಿತ್ತಳೆ ಬಣ್ಣದ ಹಲ್ಲಿಗಳು ಗೋರಿಯ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಓಡಾಡುತ್ತಿದ್ದವು.

ಇಷ್ಟೆಲ್ಲ ತೋರಿಸಿದ ಮಾರ್ಗದರ್ಶಿಯನ್ನು ಕುರಿತು ಇನ್ನೂ ಹೇಳಲಿಲ್ಲ. ವಾಸ್ತವವಾಗಿ ನಾವು ಬರೆಯಲು ಕುಳಿತದ್ದೇ ಅವರಿಗಾಗಿ. ನಲವತ್ತೈದರ ಆಸುಪಾಸು, ಮಿತಭಾಷಿ. ಎರಡನೆಯ ದಿನ ಮಧ್ಯಾಹ್ನ, ಉದ್ಯಾನದೊಳಗೆ ದಾರಿಯಿಂದ ಸ್ವಲ್ಪ ದೂರದಲ್ಲಿ ಒಂದು ಚಪ್ಪಟೆ ಬಂಡೆಯ ಬಳಿಗೆ ನಮ್ಮನ್ನು ಕರೆದೊಯ್ದರು. ಅದರ ಮೇಲೆ ಉದ್ದನೆಯ, ನುಣುಪಾದ ಒಂದು ತಗ್ಗು. ನಮ್ಮ ಮನೆಯವರು ಕೂಡಲೇ ಕುಕ್ಕರಗಾಲಿನಲ್ಲಿ ಕುಳಿತು ಅದರ ಮೇಲೆ ಕೈಯಾಡಿಸಿ, "ಬೀಸಿದ ಕಲ್ಲು" ಎಂದರು. ಹೌದು, ಧಾನ್ಯ ಅರೆದು ಅರೆದು ಸವೆದ ತಗ್ಗು. ತಮ್ಮ ಅಜ್ಜಿ ಅರೆಯುತ್ತಿದ್ದ ಸ್ಥಳ ಅದೇ ಎಂದು ಮಾರ್ಗದರ್ಶಿ ಹೇಳಿದರು. ಎರಡನೆಯ ಮಹಾಯುದ್ಧದ ನಂತರ, 1960ರ ದಶಕದ ಮೊದಲ ಭಾಗದೊಳಗೆ, ಉದ್ಯಾನದ ಎಲ್ಲೆಯಲ್ಲಿ ವಾಸವಿದ್ದ ಕುಟುಂಬಗಳನ್ನು ಅಂದಿನ ಸರಕಾರ ಹೊರಕ್ಕೆ ಕಳುಹಿಸಿತು. ಅವರ ಹಿರಿಯರು ಹಾಗೆ ಹೊರಬಿದ್ದವರು. ಈಗ ಆ ಕಲ್ಲನ್ನು ನೋಡಲು ಅವರು ಬರುವುದು ನಮ್ಮಂಥ ಅತಿಥಿಗಳೊಡನೆ. ನಮ್ಮ ಕಡೆ ಜನ ಉಳಿದಿದ್ದಾರೆ, ಬೆಟ್ಟಗಳು ಲಾರಿಯೇರಿ ಹೋಗುತ್ತಿವೆ. ಅಲ್ಲಿ ಬೆಟ್ಟಗಳನ್ನು ಉಳಿಸಿದರು, ಜನರನ್ನು ಕಳುಹಿಸಿದರು. 1983ರಿಂದ 1987ರವರೆಗೆ ಆ ಸೀಮೆಯಲ್ಲಿ ಸೈನ್ಯದಿಂದ ನಡೆದ ಹತ್ಯೆಗಳ ಬಗ್ಗೆ ಅಳಿಯಂದಿರು ಒಂದು ಮಾತು ಕೇಳಿದರು. ಮಾರ್ಗದರ್ಶಿ ಹದ್ದೊಂದನ್ನು ತೋರಿಸಿ ಮಾತು ಬದಲಿಸಿದರು. ನಾವು ಮತ್ತೆ ಕೇಳಲಿಲ್ಲ.

ಆ ರಾತ್ರಿಯ ಊಟದ ಹೊತ್ತಿಗೆ ಒಂದು ಸ್ವಾರಸ್ಯ ನಡೆಯಿತು. ನಾವು ಸಸ್ಯಾಹಾರಿಗಳೆಂದು ಅಡಿಗೆಯವರಿಗೆ ಪೇಚಾಟ. ಆ ದೇಶದ ದಿನನಿತ್ಯದ ಊಟ ಮೆಕ್ಕೆಜೋಳದ ಬಿಳಿ ಮುದ್ದೆ. ಅದಕ್ಕೆ ಬದಲಾಗಿ ಅಂದು ಒಂದು ಕಂದು ಮುದ್ದೆಯನ್ನೂ ಸೊಪ್ಪಿನ ಪಲ್ಯವನ್ನೂ ತಂದಿಟ್ಟರು. ನಮ್ಮ ಮನೆಯವರು ಚಮಚವನ್ನು ಬದಿಗಿಟ್ಟು ಮುದ್ದೆಯ ತುದಿ ಮುರಿದು, ಬೆರಳುಗಳ ನಡುವೆ ಹೊಸಕಿ, "ರೀ, ಇದು ರಾಗಿ!" ಎಂದರು. ರಾಗಿಯೇ. ಅಲ್ಲಿ ಅದಕ್ಕೆ ರಾಪೊಕೊ ಎಂಬ ಹೆಸರು. ರಾಗಿ, ಜೋಳ, ಸಜ್ಜೆ ಮೂರೂ ಮೊದಲು ಕೃಷಿಗೆ ಒಗ್ಗಿದ್ದು ಆಫ್ರಿಕದಲ್ಲೇ. ಸಾವಿರಾರು ವರ್ಷಗಳ ಹಿಂದೆ ನಮ್ಮ ದೇಶಕ್ಕೆ ಬಂದು, ಈಗ ನಮ್ಮವೇ ಆಗಿಬಿಟ್ಟಿವೆ. ಅಡಿಗೆಯ ತಾಯಿಯೂ ನಮ್ಮ ಮನೆಯವರೂ ಒಬ್ಬರ ನುಡಿ ಒಬ್ಬರಿಗೆ ತಿಳಿಯದೆ ಒಲೆಯ ಬಳಿ ಅರ್ಧ ಗಂಟೆ ನಿಂತು ಮಾತನಾಡಿದರು. ಏನು ಮಾತನಾಡಿದಿರಿ ಎಂದರೆ, ಗಂಟಾಗದಂತೆ ತಿರುವುವ ಬಗೆ ಎಂದರು.

ಊಟದ ಮೇಲೆ ಬೆಂಕಿಯ ಸುತ್ತ ಕುಳಿತಿದ್ದಾಗ ಮಾರ್ಗದರ್ಶಿ ತಾವಾಗಿ ಒಂದು ಪ್ರಶ್ನೆ ಕೇಳಿದರು: ನೀವು ಮಗುವಿನೊಡನೆ ಆಡುವ ನುಡಿ ಯಾವುದು, ಅದು ಇಂಡಿಯದ ನುಡಿಯೇ? ಇಂಡಿಯದಲ್ಲಿ ನುಡಿ ಹಲವು, ಇದು ಕನ್ನಡ, ಆದರೆ ನಾವಿರುವುದು ಕನ್ನಡ ರಾಜ್ಯದಲ್ಲಲ್ಲ, ಗಡಿಯ ಈಚೆಗೆ, ತೆಲುಗು ರಾಜ್ಯದಲ್ಲಿ ಎಂದು ವಿವರಿಸಿದೆವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದ ಕಥೆಯನ್ನು ವಾಚಕರಿಗೆ ಹೊಸದಾಗಿ ಹೇಳಬೇಕಿಲ್ಲ, ಅವರಿಗೆ ಹೇಳಿದೆವು. ನಾವು ಮಲಗಿದ್ದೆವು, ಎದ್ದಾಗ ಮನೆ ಬೇರೆ ರಾಜ್ಯದಲ್ಲಿತ್ತು ಎಂದು ನಮ್ಮ ತಂದೆಯವರು ಹೇಳುತ್ತಿದ್ದ ಮಾತನ್ನೂ ಸೇರಿಸಿದೆವು.

ಅವರು ನಗಲಿಲ್ಲ. ತಮ್ಮ ನುಡಿ ಎಂದೆಬೆಲೆಯಲ್ಲ, ಕಲಂಗ ಎಂದರು. ಎಂದೆಬೆಲೆಯವರು ಬರುವುದಕ್ಕೆ ಮುಂಚಿನಿಂದ ಈ ಬಂಡೆಗಳ ನಡುವೆ ಇರುವ ನುಡಿ. ಅದನ್ನಾಡುವ ಜನರ ನಡುವೆಯೇ ಗಡಿ ಹಾಯ್ದು ಹೋಗಿದೆ. ಈಚೆ ಜಿಂಬಾಬ್ವೆ, ಆಚೆ ಬೋಟ್ಸ್ವಾನ. ಈಚೆ ಮಕ್ಕಳು ಶಾಲೆಯಲ್ಲಿ ಎಂದೆಬೆಲೆ ಕಲಿತರು, ಆಚೆಯ ಮಕ್ಕಳು ಸೆಟ್ಸ್ವಾನ. ಮೇಲೆ ಎರಡು ಕಡೆಯೂ ಇಂಗ್ಲಿಷು. 1931ರಲ್ಲಿ ಕ್ಲೆಮೆಂಟ್ ಡೋಕ್ ಎಂಬ ಭಾಷಾವಿದ್ವಾಂಸರು ಶೋನಾದ ಉಪಭಾಷೆಗಳನ್ನೆಲ್ಲ ಒಂದುಗೂಡಿಸುವ ವರದಿ ಬರೆದಾಗ ಕಲಂಗ ಅದರಿಂದ ಹೊರಗುಳಿಯಿತು; ಎಂದೆಬೆಲೆಯ ಸೀಮೆಯಲ್ಲಿದ್ದ ಕಾರಣ ಅತ್ತಲೂ ಇಲ್ಲ, ಇತ್ತಲೂ ಇಲ್ಲ. 2013ರ ಸಂವಿಧಾನ ಮನ್ನಿಸಿದ 16 ಭಾಷೆಗಳಲ್ಲಿ ಈಗ ಕಲಂಗವೂ ಒಂದು. ಕಾಗದದಲ್ಲಿ ಬಂತು, ನಮ್ಮ ಹಳ್ಳಿಯ ಶಾಲೆಗೆ ಇನ್ನೂ ನಡೆದು ಬರುತ್ತಿದೆ ಎಂದು ಅವರು ಹೇಳಿದರು.

ಆ ಬೆಟ್ಟಗಳಲ್ಲಿ ಎನ್ಜೆಲೆಲೆ ಎಂಬ ಮಳೆದೇವರ ಗವಿಯುಂಟು. ದೇವರ ಹೆಸರು ಮ್ವಾಲಿ. ಬಿತ್ತನೆಗೆ ಮೊದಲು ಜನರು ಅಲ್ಲಿಗೆ ಮಳೆ ಬೇಡಲು ಹೋಗುತ್ತಾರೆ. ಬಂಡೆಯೊಳಗಿನಿಂದ ದೇವರ ದನಿ ಕೇಳಿಸುತ್ತದೆಂದು ನಂಬಿಕೆ. ಪ್ರವಾಸಿಗಳು ಹೋಗುವ ಜಾಗವಲ್ಲ. ನಾವು ಕೇಳಲೂ ಇಲ್ಲ. ಆದರೆ ಮಾರ್ಗದರ್ಶಿ ಅದನ್ನು ನೆನೆದು ಒಂದು ಮಾತು ಹೇಳಿದರು: "ಆಳುವವರು ಯಾವ ನುಡಿಯವರಾದರೂ ಆಗಲಿ, ಮಳೆ ಬೇಕಾದರೆ ಆ ಬಂಡೆಯ ಮುಂದೆ ಬಂದು ಕುಳಿತುಕೊಳ್ಳಬೇಕು. ಬಂಡೆ ಆಡುವುದು ಕಲಂಗ."

ಸ್ವಲ್ಪ ಹೊತ್ತಿನ ಮೇಲೆ ಅವರು ಕೇಳಿದರು: "ನಿಮ್ಮ ಶಾಲೆಯಲ್ಲಿ ನಿಮ್ಮ ನುಡಿಯನ್ನು ಒಂದು ಪಾಠವಾಗಿ ಕಲಿಸುತ್ತೀರೋ?"

"ಎಲ್ಲ ಪಾಠವೂ ಅದರಲ್ಲೇ."

"ಲೆಕ್ಕವೂ?"

"ಲೆಕ್ಕ, ವಿಜ್ಞಾನ, ಭೂಗೋಳ ಎಲ್ಲವೂ."

"ಗಡಿಯ ಈಚೆಗಿದ್ದುಕೊಂಡು? ಪುಸ್ತಕಗಳು?"

ಅಚ್ಚಾಗಿ ಬರುತ್ತವೆ, ಕೆಲವು ವರ್ಷ ತಡವಾಗಿ ಬರುತ್ತವೆ ಎಂದೆವು. ಒಂದನೆಯ ತರಗತಿಗೆ ಎಷ್ಟು ಮಕ್ಕಳು ಎಂದರು. ಹಿಂದಿನ ಜೂನ್ ತಿಂಗಳಲ್ಲಿ ಸೇರಿದವರು ಒಂಬತ್ತು ಎಂದೆವು. ಈ ಒಂಬತ್ತನ್ನು ನಾವು ಒಂದು ವರ್ಷದಿಂದ ಬಾಯಲ್ಲಿ ಕಹಿಯಾಗಿ ಇಟ್ಟುಕೊಂಡು ತಿರುಗುತ್ತಿದ್ದೆವು. ನಾವು ಕೆಲಸಕ್ಕೆ ಸೇರಿದಾಗ ಅದೇ ಕೋಣೆಯಲ್ಲಿ ನಲವತ್ತು ಮಕ್ಕಳು ಕುಳಿತಿರುತ್ತಿದ್ದರು. ಸಭೆಗಳಲ್ಲಿ ಒಂಬತ್ತು ಎಂದೊಡನೆ ಮೇಲಿನವರು ತಲೆಯಾಡಿಸುತ್ತಾರೆ; ಪೋಷಕರು ಮಗುವಿನ ಕೈ ಹಿಡಿದು ಇಂಗ್ಲಿಷ್ ಶಾಲೆಯ ಬಸ್ಸಿನ ಕಡೆಗೆ ನೋಡುತ್ತಾರೆ. ಮಾರ್ಗದರ್ಶಿ ಮಾತ್ರ ಸೌದೆಯನ್ನು ಬೆಂಕಿಗೆ ಹಾಕುವುದನ್ನು ನಿಲ್ಲಿಸಿ ನಮ್ಮ ಕಡೆ ತಿರುಗಿ, "ಒಂಬತ್ತು!" ಎಂದರು. ಬಹು ದೊಡ್ಡ ಸಂಖ್ಯೆಯನ್ನು ಕೇಳಿದವರು ಹೇಳುವ ಹಾಗೆ ಹೇಳಿದರು. ಆ ರಾತ್ರಿ ಚಿರತೆಯೊಂದು ಗರಗಸ ಎಳೆದಂತೆ ಎಲ್ಲೋ ಕೂಗುತ್ತಿತ್ತು. ನಮಗೆ ನಿದ್ರೆ ಬಾರದಿದ್ದುದು ಅದರಿಂದಲ್ಲ.

ಬೋಧನ ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟ ಸೂತ್ರ, ತಿಳಿದುದರಿಂದ ತಿಳಿಯದುದರ ಕಡೆಗೆ ಎಂಬುದು. ಮರುದಿನ ಹಗಲೆಲ್ಲ ಅದೇ ನಡೆಯಿತು. ಮೊಮ್ಮಗಳು ನಮ್ಮ ಟಿಪ್ಪಣಿ ಪುಸ್ತಕವನ್ನು ಕಿತ್ತುಕೊಂಡು ಎರಡು ಸಾಲು ಗೆರೆ ಎಳೆದಳು. ಒಂದು ಕಡೆ ಮಾರ್ಗದರ್ಶಿ ಹೇಳುವ ಕಲಂಗ ಪದ, ಇನ್ನೊಂದು ಕಡೆ ನಾವು ಹೇಳುವ ಕನ್ನಡ ಪದ. ಮಳೆಯಿಂದ ಮೊದಲು ಮಾಡಿದರು. ಬಳಿಕ ಕಲ್ಲು, ಬೆಂಕಿ, ಹಾಲು, ಅಜ್ಜಿ, ರಾಗಿ. ಒಂದು ಪದ ಕೇಳಿದ ಮೇಲೆ ಅವರಿಬ್ಬರೂ ಸೇರಿ ಅದನ್ನು ಮೂರು ಸಲ ಹೇಳುವರು. 'ಮಳೆ'ಯ ಳಕಾರ ಮಾರ್ಗದರ್ಶಿಯ ನಾಲಗೆಗೆ ನಾಲ್ಕನೆಯ ಸಲಕ್ಕೆ ಬಂತು; ಮೊಮ್ಮಗಳಿಗೆ ಐದನೆಯದಕ್ಕೆ. ಅವಳಿಗೆ ಅದರಿಂದ ಅವಮಾನವಾಗಿ, ಊಟದವರೆಗೂ ಮಳೆ ಮಳೆ ಎಂದು ಗೊಣಗುತ್ತಲೇ ಇದ್ದಳು. ನೀರು ಬೇಕಾದಾಗ ಅವಳು ನಮ್ಮ ಮನೆಯವರನ್ನು ಕನ್ನಡದಲ್ಲೇ ಕೇಳಿದಳೆಂದು ಮಗಳು ನಮಗೆ ಕಣ್ಣಿನಲ್ಲೇ ತೋರಿಸಿದಳು. ಯಾರೂ ಅದರ ಮಾತೆತ್ತಲಿಲ್ಲ. ಮಾತೆತ್ತಿದರೆ ಮಕ್ಕಳು ನಿಲ್ಲಿಸಿಬಿಡುತ್ತಾರೆ.

ನಾಲ್ಕನೆಯ ದಿನ ಬೆಳಿಗ್ಗೆ ಹೊರಟೆವು. ಮಾರ್ಗದರ್ಶಿ ಆ ಪುಟದ ಒಂದು ಪ್ರತಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮೂಲ ನಮ್ಮ ಬಳಿ ಇದೆ. ಅದರಲ್ಲಿ ಇಪ್ಪತ್ತಮೂರು ಪದಗಳು. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಪ್ರಾಣಿಯ ಎದುರಿಗೆ ಕನ್ನಡದ ಕಡೆ ಖಾಲಿ ಉಳಿದಿತ್ತು. ನಮ್ಮ ನೆಲದಲ್ಲಿಲ್ಲದ ಜೀವಿಗೆ ಹೆಸರೆಲ್ಲಿಂದ ತರೋಣ? ಮೊಮ್ಮಗಳು ಸ್ವಲ್ಪ ಯೋಚಿಸಿ 'ಬಂಡೆಮರಿ' ಎಂದಳು. ಅದನ್ನು ನೆಲದ ಧೂಳಿನಲ್ಲಿ ಬರೆದು ತೋರಿಸಿದೆವು; ಅವಳು ನೋಡಿಕೊಂಡು ಪುಸ್ತಕದಲ್ಲಿ ಬರೆದಳು. ಎರಡನೆಯ ಅಕ್ಷರದ ಎತ್ವ ತಿರುಗುಮುರುಗಾಗಿ ಬಿದ್ದಿದೆ. ನಾವು ತಿದ್ದಲಿಲ್ಲ.